ಚಿಲಕದ ಚಿಕ್ಕಮ್ಮ

"ಚಿಲಕ ತೆಗೀತೀಯೋ, ಬಾಗಿಲು ಮುರೀಲೋ?"

ಒಗೆಯುವ ಬಟ್ಟೆಯ ಬುಟ್ಟಿ ಸೊಂಟಕ್ಕೇರಿಸಿಕೊಂಡು ತಾಯಿ ಮಗಳ ಕೋಣೆಯ ಬಾಗಿಲು ಬಡಿದಳು. ಒಳಗೆ ಮಗಳು ಕಾದಂಬರಿಯಲ್ಲಿ ಮುಳುಗಿದ್ದಳು. ಹಳೇ ಕಬ್ಬಿಣದ ಚಿಲಕ ಕಿರ್ರೆಂದು ಜಾರಿತು.

"ಅಮ್ಮಾ, ಈ ಕಥೇಲಿ ಒಂದು ಕೇಳ್ಲಾ?"

"ಆಮೇಲೆ. ಹೊದಿಕೆ ಕೊಡು ಮೊದಲು."

ಅಷ್ಟರಲ್ಲಿ ಯಾರೋ ಬಂದ ಸದ್ದು. ತೆರೆದಿದ್ದ ಮುಂಬಾಗಿಲಲ್ಲಿ ನಿಂತಿದ್ದವರು ಆ ಕಾದಂಬರಿ ಬರೆದ ಲೇಖಕರೇ. ಜೊತೆಗೊಬ್ಬ ಫೋಟೋದವನು.

ಓದು ಬಲ್ಲ ಮಕ್ಕಳಿಗೆಲ್ಲ ಆ ಕಥೆ ಬಾಯಿಪಾಠ. ತಾಯಿಯಿಲ್ಲದ ಪುಟ್ಟ ಹುಡುಗ. ಸಂಜೆಯಾದರೆ ಅವನನ್ನು ಕತ್ತಲ ಕೋಣೆಗೆ ತಳ್ಳಿ ಚಿಲಕ ಜಡಿಯುವ ಸೊಟ್ಟ ಕೈಯ ಚಿಕ್ಕಮ್ಮ, ಅವನ ತಾಯಿಯ ತಂಗಿ. ಮಗನ ಹೆಸರು ಕೂಗುತ್ತ ಹೊರಗಿನಿಂದ ಬಾಗಿಲು ಬಡಿಯುವ ಅಪ್ಪ. ಆ ಅಪ್ಪನಿಗಾಗಿ ಚಿಕ್ಕಂದಿನಲ್ಲಿ ಈ ತಾಯಿಯೂ ಅತ್ತಿದ್ದಳು. ಮದುವೆಯಾಗಿ ಬಂದ ಮೇಲೆ ತಿಳಿಯಿತು: ಕಥೆ ಹುಟ್ಟಿದ ಕೋಣೆ ಇದೇ, ಆ ಚಿಕ್ಕಮ್ಮ ತನ್ನ ಅತ್ತೆಯೇ.

ಅತ್ತೆಯ ಟ್ರಂಕು ಈಗ ಹೊಸ್ತಿಲ ಬಳಿ ಕೂತಿತ್ತು. ಬರುವ ವಾರದಿಂದ ಸೊಸೆ ಕೆಲಸಕ್ಕೆ ಹೊರಡಬೇಕು. ಹಗಲೆಲ್ಲ ಮಗು ಅಂಥವಳ ಕೈಯಲ್ಲಿ? ಆಗದ ಮಾತು. ಸಂಜೆ ಬಸ್ಸಿಗೆ ಅತ್ತೆ ತನ್ನ ಮಗಳ ಮನೆಗೆ.

ಲೇಖಕರ ಮುಖ ಬಿಳಿಚಿತ್ತು. "ಈಗ ಕೇಳಿಸಿದ್ದು ಅದೇ ಚಿಲಕ ತಾನೇ?"

"ಅದೇ," ಟ್ರಂಕಿನ ಪಕ್ಕ ಕೂತಿದ್ದ ಅತ್ತೆ ಅಲ್ಲಿಂದಲೇ ಅಂದಳು. "ಮನೇಲಿ ಏನೇನೋ ಬದಲಾಯ್ತು. ಆ ಬಾಗಿಲು ಮುಟ್ಟೋಕೆ ಮಾತ್ರ ನಾನು ಬಿಡಲಿಲ್ಲ."

"ಹೆಮ್ಮೆ ಬೇರೆ, ನೋಡಿ," ಸೊಸೆ ಮೂತಿ ತಿರುವಿದಳು.

"ನನಗಾಗ ನಾಲ್ಕು ವರ್ಷ," ಲೇಖಕರ ದನಿ ಗಡುಸಾಯಿತು. "ಮಂಚದ ಕೆಳಗೆ ತಳ್ಳಿ ತಲೆತುಂಬ ಕಂಬಳಿ ಮುಚ್ತಿದ್ರಿ. ಚಿಲಕದ ಸದ್ದು. ಆಮೇಲೆ ಅಪ್ಪ ಬಾಗಿಲು ಬಡಿಯೋದು. ನಿಮ್ಮ ಈ ಸೊಟ್ಟ ಕೈ ಇವತ್ತಿಗೂ ಕನಸಲ್ಲಿ ಬರುತ್ತೆ, ಚಿಕ್ಕಮ್ಮ."

"ಬರಲಿ ಬಿಡಪ್ಪ. ಅದೊಂದೇ ತಾನೇ ಬರೋದು?"

ಎಂದೋ ಮುರಿದು ಅಡ್ಡಾದಿಡ್ಡಿ ಕೂಡಿಕೊಂಡ ಮಣಿಕಟ್ಟನ್ನು ಅವಳು ಮಡಿಲಿಗೆಳೆದುಕೊಂಡಳು.

"ಅಜ್ಜಿ, ಕ್ಷಮೆ ಗಿಮೆ ಏನಾದ್ರೂ ಕೇಳ್ತೀರಾ?" ಎಂದ ಫೋಟೋದವನು.

"ಪುಸ್ತಕದಲ್ಲಿ ಇವನಪ್ಪ ಒಳ್ಳೆಯವನು. ನನಗಷ್ಟು ಸಾಕು."

"ಕಲ್ಲಾದ್ರೂ ಕರಗೀತು," ಸೊಸೆ ಹಲ್ಲು ಕಡಿದಳು. "ಬನ್ನಿ ಸಾರ್, ಬಾಗಿಲು ತೋರಿಸ್ತೀನಿ."

ಕೋಣೆಯ ಬಾಗಿಲು ಮುಚ್ಚಿ ಲೇಖಕರನ್ನು ಹೊರಗಡೆ ಅದರ ಮುಂದೆ ನಿಲ್ಲಿಸಿದ್ದಾಯಿತು. ಅವರು ಅಂಗೈಯಿಂದ ಹಲಗೆ ಸವರಿದರು. ಎದೆಮಟ್ಟದಲ್ಲಿ ಉದ್ದಕ್ಕೆ ಸೀಳಿದ ಗುರುತು. "ಅಪ್ಪನ ಏಟು," ಎಂದು ಕಣ್ಣೊರೆಸಿಕೊಂಡರು. ಸೊಸೆಯ ಕಣ್ಣೂ ಒದ್ದೆಯಾಯಿತು.

"ಚಿಲಕದ ಮೇಲೆ ಕೈಯಿಡಿ ಸಾರ್. ಒಂದೇ ಫೋಟೋ."

ಲೇಖಕರ ಕೈ ಮೇಲೆ ಹೋಯಿತು, ಕೆಳಗೆ ಬಂತು, ಚೌಕಟ್ಟಿನ ಅಂಚಿನಗುಂಟ ತಡಕಾಡಿತು. ಚಿಲಕವಿರಲಿಲ್ಲ. ಇದ್ದು ಕಿತ್ತ ಮೊಳೆಯ ತೂತೂ ಇರಲಿಲ್ಲ. ಕೈ ಅಲ್ಲೇ ನಿಂತಿತು.

ಮಗಳು ಪುಸ್ತಕವನ್ನು ಎದೆಗವಚಿಕೊಂಡು ಅಜ್ಜಿಯ ಪಕ್ಕಕ್ಕೆ ಸರಿದಳು.

"ಚಿಲಕ ಒಳಗಡೆ ಅಲ್ವಾ ಇರೋದು? ಅಂದ್ರೆ ನೀನೂ ಒಳಗೇ ಇದ್ದೆ. ಅಜ್ಜೀ, ನೀವಿಬ್ರೂ ಯಾರಿಗೆ ಹೆದರ್ತಿದ್ರಿ?"