ಶಕುನದ ಕೊಡ

ಗೋಳಗುಮ್ಮಟ ನೋಡಲೆಂದು ಧಾರವಾಡದಿಂದ ಬಂದ ವಿದ್ಯಾರ್ಥಿನಿ ಶನಿವಾರ ವಿಜಾಪುರದಲ್ಲಿ ಗೆಳತಿಯೊಬ್ಬಳ ಗುರುತಿನವರ ಮನೆಯಲ್ಲಿ ಉಳಿದುಕೊಂಡಳು. ಅಡುಗೆ, ಹಾಸಿಗೆ ಎಲ್ಲ ಆ ಮನೆಯ ವಿಧವೆ ಸೊಸೆ ನೀಲಾಳದು. ಉಪಚಾರದ ಮಾತು ಮಾತ್ರ ಅತ್ತೆ ಚನ್ನಕ್ಕನದು.

ಭಾನುವಾರ ಬೆಳಿಗ್ಗೆ ಚನ್ನಕ್ಕನ ಕಿರಿಯ ಮಗ ಹೆಣ್ಣು ನೋಡಲು ಹೊರಟ. ಈವರೆಗೆ ನೋಡಿದ ಸಂಬಂಧಗಳೆಲ್ಲ ತಪ್ಪಿಹೋಗಿದ್ದವು.

“ಗಂಡನ್ನ ನುಂಗಿದಾಕಿ ಎದುರು ಬಂದ್ರ ಸಂಬಂಧ ಹೆಂಗ ಕೂಡ್ತದ?” ಎನ್ನುತ್ತ ಚನ್ನಕ್ಕ ಸೊಸೆಯನ್ನು ಅಡುಗೆಮನೆಗೆ ದಬ್ಬಿ ಕದ ಹಾಕಿದಳು. ಆಮೇಲೆ ಹುಡುಗಿಯತ್ತ ತಿರುಗಿ ನಕ್ಕಳು. “ನೀ ಕನ್ಯಾ ಇದ್ದೀಯವ್ವ. ತುಂಬಿದ ಕೊಡ ಹಿಡಕೊಂಡು ಅವನ ಎದುರಿಗೆ ಬಾ.”

ಹುಡುಗಿ ಮುಚ್ಚಿದ ಕದವನ್ನೊಮ್ಮೆ ನೋಡಿದಳು. ತುಂಬಿದ ಕೊಡ ಎತ್ತಿಕೊಂಡು ಅವನ ಎದುರಿಗೆ ಬಂದಳು.

ಮಧ್ಯಾಹ್ನ ಫೋನ್ ಬಂತು. ಹೆಣ್ಣಿನವರು ಒಪ್ಪಿದ್ದರು.

“ನೋಡಿದೇನ, ಶಕುನ ಅಂದ್ರ ಹಿಂಗಿರಬೇಕು!” ಎಂದು ಚನ್ನಕ್ಕ ಅಡುಗೆಮನೆಗೆ ಕೇಳುವಂತೆ ಕೂಗಿ, ಹೊರಟು ನಿಂತ ಹುಡುಗಿಯ ಹಣೆಗೆ ಕುಂಕುಮ ಹಚ್ಚಿದಳು. “ಲಗೂನ ನಿನಗೂ ಒಬ್ಬ ಛಲೋ ಗಂಡ ಸಿಗಲಿ.”

“ಸಿಕ್ಕಿದ್ದ ರೀ, ಅವ್ವಾರ,” ಎಂದಳು ಹುಡುಗಿ. “ಹೋದ ವರ್ಷ ತೀರಿಕೊಂಡ.”