ಮೊದಲ ನೀರು

ಮಗಳು ಇನ್ನೂ ಆಪರೇಷನ್ ಕೋಣೆಯಲ್ಲಿದ್ದಳು. ಆಗಷ್ಟೇ ಹುಟ್ಟಿದ ಮೊಮ್ಮಗಳ ಅಂಗಾಲು ಹೊಳೆಗಲ್ಲಿನಂತೆ ತಣ್ಣಗಾಗುತ್ತಿತ್ತು. ಬಿಸಿನೀರು ಎರೆದರೆ ಕಾವು ಬಂದೀತೆಂದು ಅಜ್ಜಿ ಕೂಸನ್ನು ಮಂಚದಲ್ಲಿ ಮಲಗಿಸಿ, ದೇವರನ್ನು ನೆನೆಯುತ್ತಾ ಓಡಿ, ಕ್ಯಾಂಟೀನಿನಿಂದ ಬಕೆಟ್ ನೀರು ತಂದಳು. ಅಷ್ಟರಲ್ಲಿ ಪಕ್ಕದ ಮಂಚದ ಬಾಣಂತಿ ಕೂಸನ್ನು ತನ್ನ ಬರಿ ಎದೆಗವಚಿಕೊಂಡು ಕಂಬಳಿ ಹೊದ್ದು ಕೂತಿದ್ದಳು.

"ಕೊಡು ತಾಯಿ, ನೀರು ಆರೋಯ್ತದೆ."

"ಕೊಡಲ್ಲ ಅಜ್ಜಿ. ಮೈಗೆ ಮೈ ತಾಗಿದ್ರೇನೇ ಕಾವು. ಈಗ್ಲೇ ನೀರು ಹಾಕ್ಬ್ಯಾಡಿ ಅಂತ ನರ್ಸಮ್ಮ ಹೇಳವ್ರೆ."

"ಊರ ಮಕ್ಕಳಿಗೆಲ್ಲ ಎರೆದ ಕೈ ಕಣೇ ಇದು. ಆ ನರ್ಸಮ್ಮ ಎಷ್ಟು ಹೆತ್ತವ್ಳೆ?"

ಬಾಣಂತಿ ಕಂಬಳಿಯನ್ನು ಇನ್ನಷ್ಟು ಬಿಗಿ ಮಾಡಿಕೊಂಡಳು. ಅಜ್ಜಿಗೆ ಅಳು ಒತ್ತರಿಸಿ ಬಂತು.

"ನನ್ನ ಕೂಸನ್ನ ನೀನ್ಯಾಕೆ ಹಿಡ್ಕೊಂಡಿದ್ದೀಯೆ? ನಿನ್ನ ಕೂಸೆಲ್ಲಿ?"

"ನಿನ್ನೆ ನಮ್ಮತ್ತೆ ನೀರೆರೀತೀನಿ ಅಂದ್ರು ಅಜ್ಜಿ. ಕೊಟ್ಬುಟ್ಟೆ."