ಉಳಿದ ಜಗತ್ತಿನ ಕುರ್ಚಿ

ಮಣ್ಣಿನ ವಿಜ್ಞಾನದ ಆ ದೊಡ್ಡ ಸಂಶೋಧನಾ ಪತ್ರಿಕೆಯ ಸಂಪಾದಕ ಮಂಡಳಿಯ ತುಂಬ ಯುರೋಪು, ಅಮೆರಿಕದವರೇ ಇದ್ದರು. ಹೊರಗಿನವಳೆಂದರೆ ಧಾರವಾಡದ ಪ್ರೊಫೆಸರ್ ನೀಲಗಂಗಾ ಒಬ್ಬಳೇ. ಹೊರಗಿನವರು ಇನ್ನಷ್ಟು ಮಂದಿ ಮಂಡಳಿಯಲ್ಲಿರಬೇಕು ಎಂದು ಪ್ರತಿ ವರ್ಷ ಆನ್‌ಲೈನ್ ಸಭೆಯಲ್ಲಿ ಅವಳು ಮಾತೆತ್ತುತ್ತಿದ್ದಳು. ಪ್ರತಿ ವರ್ಷವೂ ಅವರು ತಲೆಯಾಡಿಸಿ ಮುಂದಿನ ವಿಷಯಕ್ಕೆ ಹೋಗುತ್ತಿದ್ದರು.

"ಸುಮ್ನ ಯಾಕ್ರೀ ಮೇಡಂ ಬಾಯಿ ನೋಯಿಸ್ಕೋತೀರಿ? ಅವ್ರೇನು ಕೇಳಾವ್ರಲ್ಲ," ಎಂದ ಈ ಸಲದ ಸಭೆಗೆ ಮುಂಚೆ ಪಕ್ಕದಲ್ಲಿ ಬಂದು ಕುಳಿತ ಸಹೋದ್ಯೋಗಿ ಇರ್ಫಾನ್.

"ಇವತ್ತು ಬಿಡಂಗಿಲ್ಲ. ಕೀನ್ಯಾದಾಗ ಒಬ್ಬಾಕಿ ಅದಾಳ, ನನಗಿಂತ ಛಲೋ ಕೆಲಸ ಮಾಡ್ಯಾಳ. ಆಕಿ ಹೆಸರು ಹೇಳೇ ಬಿಡ್ತೀನಿ."

ಹೇಳಿಯೇಬಿಟ್ಟಳು. ಪರದೆಯ ಮೇಲಿನ ಮುಖಗಳೆಲ್ಲ ಅರಳಿದವು. ಯಾರೋ ಚಪ್ಪಾಳೆ ತಟ್ಟಿದರು.

"ಅವರ ಕೆಲಸ ನಾನೂ ಓದಿದ್ದೇನೆ. ಅಂಥವರು ನಮ್ಮಲ್ಲಿ ಇರಲೇಬೇಕು," ಎಂದರು ಪ್ರಧಾನ ಸಂಪಾದಕರು. ಒಬ್ಬರೂ ಬೇಡವೆನ್ನಲಿಲ್ಲ.

ನೀಲಗಂಗಾ ಪರದೆಯತ್ತ ಕೈ ಮುಗಿದಳು. ಕ್ಯಾಮೆರಾಕ್ಕೆ ಕಾಣದಂತೆ ಇರ್ಫಾನ್ ಹೆಬ್ಬೆರಳು ಎತ್ತಿ ತೋರಿಸಿದ.

"ಬಹಳ ಸಂತೋಷ, ಮೇಡಂ," ಎಂದರು ಸಂಪಾದಕರು ಅಕ್ಕರೆಯಿಂದ. "ಹಾಗಾದರೆ ನೀವು ಯಾವಾಗ ರಾಜೀನಾಮೆ ಕೊಡುತ್ತೀರಿ?"